ಎರಡು ಕೋಳಿಗಳು ಮತ್ತು ಪರದೆಯ ಮೇಲಿನ ಕಾಳಗ

ಜನ್ನ ಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ವಸ್ತು ಜೈನ ಮನೆತನಗಳಿಗೆ ಅಪರಿಚಿತವಾದುದಲ್ಲ. ಉಜ್ಜಯಿನಿಯ ಅರಸನಾದ ಯಶೋಧರನು ಜೀವಬಲಿಗೆ ಒಪ್ಪದೆ, ಆದರೆ ತಾಯಿ ಚಂದ್ರಮತಿಯ ಮಾತನ್ನು ಮೀರಲೂ ಆಗದೆ, ಹಿಟ್ಟಿನಿಂದ ಮಾಡಿದ ಕೋಳಿಯೊಂದನ್ನು ಮಾರಿಯ ಮುಂದೆ ಕಡಿಯುತ್ತಾನೆ. ಕಡಿದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿ ಒಂದು ಪ್ರಾಣವೂ ಹೋಗಲಿಲ್ಲ. ಆದರೂ ಆ ಒಂದು ಏಟಿಗಾಗಿ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ದ್ರವ್ಯಹಿಂಸೆ ಇಲ್ಲದಿದ್ದರೂ ಭಾವಹಿಂಸೆ ಇರಬಲ್ಲದು, ಸಂಕಲ್ಪವೇ ಹಿಂಸೆಯ ಬೇರು ಎಂಬುದನ್ನು ಬೋಧಿಸಲು ಬಸದಿಯ ಪ್ರವಚನಗಳಲ್ಲಿ ಈ ಪ್ರಸಂಗವನ್ನು ಎತ್ತಿಕೊಳ್ಳುವುದುಂಟು. ಇದೇ ಕಥೆಯಲ್ಲಿ ಇನ್ನೊಂದು ಕೋಳಿಯ ಪ್ರಸಂಗವೂ ಇದೆ. ಅದರ ಮಾತು ಅಷ್ಟಾಗಿ ಬರುವುದಿಲ್ಲ. ಅದನ್ನು ಮುಂದೆ ನೋಡಬಹುದು.

ಎಂಟು ಶತಮಾನಗಳ ಈ ಹಳೆಯ ಪ್ರಶ್ನೆ ಈಗ ಹೊಸ ವೇಷದಲ್ಲಿ ಮನೆಮನೆಯ ಹಜಾರಕ್ಕೆ ಬಂದು ಕುಳಿತಿದೆ. ಕೃಷ್ಣರಾಜನಗರದ ಕಡೆಯ ಮಿರ್ಲೆ, ಸಾಲಿಗ್ರಾಮಗಳಂತಹ ಊರುಗಳಿಗೆ ದಸರಾ ರಜೆಯಲ್ಲಿ ಬರುವ ಮಕ್ಕಳ ಚೀಲದಲ್ಲಿ ಪುಸ್ತಕಗಳ ಜೊತೆ ಲ್ಯಾಪ್‌ಟಾಪ್ ಇರುತ್ತದೆ. ಅದರೊಳಗೆ ಕತ್ತಿ ಹಿಡಿದ ಒಬ್ಬ ವೀರನಿರುತ್ತಾನೆ. ಆಕ್ಷನ್ ರೋಲ್ ಪ್ಲೇಯಿಂಗ್ ಎಂದು ಕರೆಯಲ್ಪಡುವ ಈ ಬಗೆಯ ವಿಡಿಯೊ ಆಟಗಳಲ್ಲಿ ಆಡುವವನು ಒಂದು ಪಾತ್ರವನ್ನು ಧರಿಸಿ, ದೀರ್ಘ ಕಥೆಯೊಂದರ ಉದ್ದಕ್ಕೂ ದೈತ್ಯರೊಡನೆಯೂ ಯೋಧರೊಡನೆಯೂ ಕಾದಾಡುತ್ತ, ಶಕ್ತಿಯನ್ನೂ ಆಯುಧಗಳನ್ನೂ ಗಳಿಸುತ್ತ ಸಾಗುತ್ತಾನೆ. ಹಗಲಿನಲ್ಲಿ ಇರುವೆ ತುಳಿಯದಂತೆ ನಡೆಯುವ ಹುಡುಗ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಬಂದು, ಒಂದು ಗಂಟೆಯೊಳಗೆ ನೂರು ಮಂದಿಯನ್ನು ಕಡಿದು ಚೆಲ್ಲುತ್ತಾನೆ, ಕಡಿದು ಸಂತೋಷಪಡುತ್ತಾನೆ. 'ಇದು ಹಿಟ್ಟಿನ ಕೋಳಿಯಲ್ಲದೆ ಮತ್ತೇನು?' ಎಂದು ಹಿರಿಯರು ಕೇಳಿದರೆ ಅದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ.

ಇದನ್ನು ಪರದೇಶದ ಸರಕೆಂದು ತಳ್ಳಿಹಾಕುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಹೊರದೇಶದ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವ ಉದ್ಯಮವನ್ನು ಬೆಳೆಸಿದರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯವರು 2020ರಲ್ಲಿ 'ರಾಜಿ' ಎಂಬ, ಭಾರತೀಯ ಪುರಾಣದ ಹಿನ್ನೆಲೆಯುಳ್ಳ ಕಾಳಗದ ಆಟವನ್ನು ಹೊರತಂದರು. ನಾಳೆ ಜೈನ ಮನೆತನದ ಮಗನೋ ಮಗಳೋ ಇದೇ ವೃತ್ತಿಗೆ ಹೋಗುತ್ತೇನೆಂದರೆ ಅಸಿ, ಮಸಿ, ಕೃಷಿ ಮುಂತಾದ ಷಟ್ಕರ್ಮಗಳಲ್ಲಿ ಇದನ್ನು ಯಾವುದರಲ್ಲಿ ಸೇರಿಸಬೇಕೆಂದು ಯೋಚಿಸಬೇಕಾಗುತ್ತದೆ. ಆದುದರಿಂದ ತೀರ್ಪಿಗೆ ಮೊದಲು ವಿಚಾರಣೆ ಅಗತ್ಯ. ಈ ಕಾಳಗದಲ್ಲಿ ಹುಡುಗನಿಗೆ ಹಿತವಾಗುವುದು ನಿಜವಾಗಿ ಯಾವುದು? ಕೊಲ್ಲುವುದೇ, ಅಥವಾ ಕೊಲ್ಲುವುದರ ಹೆಸರಿನಲ್ಲಿ ಬೇರೆ ಯಾವುದಾದರೂ ವಸ್ತುವೇ?

ಈ ಬಗೆಯ ಆಟಗಳಿಗೆ ಮೇಲ್ಪಂಕ್ತಿಯಾದ 'ಡಯಾಬ್ಲೊ' 1997ರ ಆರಂಭದ ವೇಳೆಗೆ ಜನರ ಕೈ ಸೇರಿತು. ಅದರ ಮುಖ್ಯ ರಚನಕಾರರಾದ ಡೇವಿಡ್ ಬ್ರೆವಿಕ್ 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಆಟ ರಚನಕಾರರ ಸಮ್ಮೇಳನದಲ್ಲಿ ಅದರ ಹುಟ್ಟಿನ ಕಥೆಯನ್ನು ಹೇಳಿದ್ದಾರೆ. ಮೊದಲು ಅದು ಚದುರಂಗದಂತೆ ಸರದಿಯ ಆಟವಾಗಿತ್ತು: ವೀರನದು ಒಂದು ನಡೆ, ದೈತ್ಯನದು ಒಂದು ನಡೆ. ಸರದಿಯನ್ನು ತೆಗೆದುಹಾಕಿ ಎಲ್ಲವೂ ಆಯಾ ಕ್ಷಣದಲ್ಲೇ ನಡೆಯುವಂತೆ ಮಾಡಬೇಕೆಂಬ ಸಲಹೆ ಬಂದಾಗ ಬ್ರೆವಿಕ್ ಅದನ್ನು ವಿರೋಧಿಸಿದರು. ಸಂಗಡಿಗರೆಲ್ಲ ಬೇಕೆಂದುದರಿಂದ ಒಪ್ಪಿ, ಕೆಲವೇ ಗಂಟೆಗಳಲ್ಲಿ ಲೆಕ್ಕವನ್ನು ಬದಲಿಸಿ, ಪರದೆಯ ಮೇಲಿನ ಅಸ್ಥಿಪಂಜರವೊಂದರ ಮೇಲೆ ಮೌಸ್ ಒತ್ತಿದರು. ವೀರನು ನಡೆದುಹೋಗಿ ಅದನ್ನು ಹೊಡೆದು ಕೆಡವಿದನು. ಆಟ ಸಿದ್ಧಿಸಿತೆಂಬುದು ಅವರಿಗೆ ಆ ಕ್ಷಣದಲ್ಲೇ ಹೊಳೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸರದಿಯ ಆಟದಲ್ಲೂ ಅಸ್ಥಿಪಂಜರ ಬೀಳುತ್ತಿತ್ತು, ಹೊಸ ಆಟದಲ್ಲೂ ಬಿದ್ದಿತು. (ಅಸ್ಥಿಪಂಜರಕ್ಕೆ ಮತ್ತೊಮ್ಮೆ ಸಾವೆಲ್ಲಿಯದು ಎಂಬುದು ಬೇರೆ ಮಾತು.) ಕೊಲೆಯಲ್ಲಿ ಹೆಚ್ಚು ಕಡಿಮೆ ಆಗಲಿಲ್ಲ, ಆದದ್ದು ಕ್ರಿಯೆಗೂ ಫಲಕ್ಕೂ ನಡುವಿನ ಅವಧಿಯಲ್ಲಿ. ಕರ್ಮಸಿದ್ಧಾಂತವನ್ನು ಓದಿದವರಿಗೆ ಅಬಾಧಾಕಾಲದ ವಿಷಯ ತಿಳಿದಿದೆ: ಕಟ್ಟಿದ ಕರ್ಮವು ಉದಯಕ್ಕೆ ಬರುವವರೆಗೆ ಸುಮ್ಮನಿರುವ ಕಾಲವದು. ಲೋಕದಲ್ಲಿ ಮನುಷ್ಯನು ಇಂದು ಬಿತ್ತಿದುದರ ಫಲ ಯಾವಾಗ, ಯಾವ ರೂಪದಲ್ಲಿ ಬರುವುದೆಂದು ಕಾಣದೆ ಕಂಗೆಡುತ್ತಾನೆ. ಪರದೆಯ ಲೋಕದಲ್ಲಿ ಬೆರಳು ಒತ್ತಿದ ನಿಮಿಷಾರ್ಧದೊಳಗೆ ಫಲ ಕೈಸೇರುತ್ತದೆ, ಕೊಟ್ಟಷ್ಟಕ್ಕೆ ತಕ್ಕಷ್ಟು. ಮೊದಲನೆಯ ಹಿತ ಇದು. ಬೆರಳಿಗೂ ಕತ್ತಿಗೂ ನಡುವೆ ಕಣ್ಣಿಗೆ ಕಾಣುವಷ್ಟು ವಿಳಂಬವಾದರೆ ಆ ಹಿತವೆಲ್ಲ ಕೆಟ್ಟುಹೋಗುತ್ತದೆ. ಎದುರಾಳಿ ಎಷ್ಟೇ ಮಂದಿ ಸತ್ತರೂ ಅದು ಮರಳುವುದಿಲ್ಲ.

ಎರಡನೆಯದು ಭಾರ. ಪರದೆಯಲ್ಲಿ ಚಿತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 60ರಂತೆ ಉರುಳುತ್ತವೆ. ಕತ್ತಿ ತಗುಲಿದ ಕ್ಷಣದಲ್ಲಿ ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಕೆಲವು ಚಿತ್ರಗಳಷ್ಟು ಹೊತ್ತು ಬೇಕೆಂದೇ ನಿಲ್ಲಿಸಿಬಿಡುತ್ತಾರೆ. ಇದಕ್ಕೆ 'ಹಿಟ್ ಸ್ಟಾಪ್' ಎಂದು ಹೆಸರು. ಜಪಾನಿನ ಹಿರಿಯ ರಚನಕಾರ ಮಸಾಹಿರೊ ಸಕುರಾಯಿ ಅವರು 2022ರಿಂದ ಪ್ರಕಟಿಸಿದ ವಿಡಿಯೊ ಪಾಠಗಳಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟಿದ್ದಾರೆ. ನಿಂತದ್ದು ಕಣ್ಣಿಗೆ ತಿಳಿಯುವುದಿಲ್ಲ, ತೋಳಿಗೆ ತಿಳಿದಂತಾಗುತ್ತದೆ. ಕೊಡಲಿಯ ಏಟು ಕೊರಡಿನೊಳಗೆ ಕಚ್ಚಿಕೊಂಡಾಗ ಭುಜಕ್ಕೆ ಬರುವ ಅರಿವಿನಂತೆ. ಇದಕ್ಕೆ ಶಬ್ದವೂ ಕೂಡಬೇಕು. ಭತ್ತದ ಮಂಡಿಯಲ್ಲಿ ಹಮಾಲಿಯು ಮೂಟೆಯನ್ನು ತಕ್ಕಡಿಗೆ ಹಾಕಿದಾಗ ಬರುವ ಸದ್ದಿನಿಂದಲೇ ಅದು ಕಾಳು ತುಂಬಿದ್ದೋ ಜಳ್ಳು ಸೇರಿದ್ದೋ ಎಂದು ಹೇಳಬಲ್ಲ ವರ್ತಕರಿದ್ದಾರೆ. ಆಟ ರಚಿಸುವವರು ಅಂತಹದೇ ಸದ್ದನ್ನು ಹುಡುಕುತ್ತಾರೆ. ಇಲ್ಲಿಯೂ ಹಿತವಾಗುವುದು ಕೈಕೆಲಸಕ್ಕೆ ಲೋಕ ಕೊಡುವ ಮಾರುತ್ತರವೇ ಹೊರತು ಎದುರಾಳಿಯ ನೋವಲ್ಲ.

ಮೂರನೆಯದು ಅತ್ಯಂತ ಮುಖ್ಯವಾದುದು. ಹಿದೆತಾಕಾ ಮಿಯಾಜಾಕಿ ಅವರ ನಿರ್ದೇಶನದಲ್ಲಿ 2011ರಲ್ಲಿ ಹೊರಬಂದ 'ಡಾರ್ಕ್ ಸೋಲ್ಸ್' ಎಂಬ ಆಟದಲ್ಲಿ ಒಮ್ಮೆ ಬೀಸಿದ ಕತ್ತಿಯನ್ನು ನಡುವೆ ಹಿಂತೆಗೆಯುವಂತಿಲ್ಲ. ಪ್ರತಿ ಏಟಿಗೂ ದಮ್ಮಿನ ಒಂದು ಪಾಲು ಖರ್ಚಾಗುತ್ತದೆ. ದಮ್ಮು ತೀರಿದಾಗ ತಪ್ಪಿಸಿಕೊಳ್ಳಲೂ ಆಗದು. ಎದುರಾಳಿಯು ಹೊಡೆಯುವ ಮುನ್ನ ತೋಳೆತ್ತುತ್ತಾನೆ, ಹೆಜ್ಜೆ ಹಿಂದಿಡುತ್ತಾನೆ. ಅದನ್ನು ಓದಿಕೊಂಡವನು ಉಳಿಯುತ್ತಾನೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಮತ್ತಯೋಗಕ್ಕೆ ಮೊದಲ ಸ್ಥಾನ ಕೊಟ್ಟಿರುವುದು ಸುವಿದಿತ. ವಿಚಿತ್ರವೆಂದರೆ ಈ ಆಟವು ದಂಡಿಸುವುದು ಪ್ರಮಾದವನ್ನೇ. ಸಿಟ್ಟಿನಿಂದ ಬೀಸಿದವನು ಸೋಲುತ್ತಾನೆ. ಇದೇ ಸಂಸ್ಥೆಯವರ 2022ರ 'ಎಲ್ಡನ್ ರಿಂಗ್' ಆಟದ ಎದುರಾಳಿಗಳು ಎತ್ತಿದ ಕೈಯನ್ನು ಬೇಕೆಂದೇ ತಡೆಹಿಡಿದು, ಆಡುವವನು ಅವಸರಪಟ್ಟು ಹೊರಳಿದ ಮೇಲೆ ಹೊಡೆಯುತ್ತಾರೆ. ಮಾಯಾಕಷಾಯಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಮಿರ್ಲೆಯ ಭತ್ತದ ವರ್ತಕರೊಬ್ಬರು, ಎಪ್ಪತ್ತು ದಾಟಿದವರು, ಒಂದು ರಜೆಯ ಮಧ್ಯಾಹ್ನ ಮೊಮ್ಮಗನ ಪಕ್ಕದಲ್ಲಿ ಕುಳಿತು ಇದನ್ನು ನೋಡಿದರು. ಹುಡುಗನು ಒಂದೇ ದೈತ್ಯನ ಕೈಯಲ್ಲಿ ಮೇಲಿಂದ ಮೇಲೆ ಸಾಯುತ್ತಿದ್ದನು.

"ಯಾಕೋ ಪುಟ್ಟ, ಗೆದ್ದೇ ಬಿಟ್ಟೆ ಅನ್ನೋ ಹೊತ್ತಿಗೆ ಬಿದ್ದುಬಿಟ್ಟೆಯಲ್ಲ?" ಎಂದು ಹಿರಿಯರು ಕೇಳಿದರು.

"ಇನ್ನೊಂದೇ ಏಟು ಹೊಡೆದುಬಿಡೋಣ ಅಂತ ಆಸೆಪಟ್ಟೆ ತಾತ. ಅವನು ಕೈಯೆತ್ತಿದ್ದು ಕಾಣಿಸಿತ್ತು. ಆದರೂ ಹೊಡೆದೆ."

"ಕಂಡೂ ಹೊಡೆದೆಯಾ?"

"ಯಾವಾಗಲೂ ಅದೇ ತಾತ. ಈ ಆಟದಲ್ಲಿ ಎಲ್ಲರೂ ಸಾಯೋದು ಆಸೆಯಿಂದಲೇ."

ಹಿರಿಯರು ನಕ್ಕರು. ಕ್ವಿಂಟಲಿಗೆ ಇನ್ನು ಹತ್ತು ರೂಪಾಯಿ ಏರಲಿ ಎಂದು ಭತ್ತವನ್ನು ಹಿಡಿದಿಟ್ಟು, ಕೊನೆಗೆ ಕೊಂಡ ಬೆಲೆಗೂ ಮಾರಲಾರದೆ ಕುಳಿತವರನ್ನು ಅವರು ಜೀವಮಾನವಿಡೀ ಕಂಡಿದ್ದರು. ಲೋಭದ ಸ್ವರೂಪವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಯಂತ್ರವೊಂದು ಮನೆಯಲ್ಲೇ ಇದೆಯೆಂದು ಅವರು ಎಣಿಸಿರಲಿಲ್ಲ. ಬಹಳ ಹೊತ್ತಿನ ಮೇಲೆ ದೈತ್ಯನು ಬಿದ್ದನು. ಹುಡುಗನು ಕೂಗಲೂ ಇಲ್ಲ, ಕುಣಿಯಲೂ ಇಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು ಉಸಿರುಬಿಟ್ಟನು. ಬೆರಳುಗಳು ನಡುಗುತ್ತಿದ್ದವು.

"ಕೊಂದದ್ದು ಇಷ್ಟೊಂದು ಸಂತೋಷವೇನೋ?"

"ಕೊಂದದ್ದಕ್ಕಲ್ಲ ತಾತ. ಈ ಸಲ ಒಂದು ಕಡೆಯೂ ತಪ್ಪಲಿಲ್ಲವಲ್ಲ, ಅದಕ್ಕೆ."

"ಹಾಗಾದರೆ ಅವನು ಸಾಯದೆ, ಸೋತೆ ಅಂತ ಕೈಮುಗಿದು ಹೋಗಿದ್ದರೂ ನಿನಗೆ ಇಷ್ಟೇ ಸಂತೋಷ ಆಗುತ್ತಿತ್ತೇ?"

ಹುಡುಗನು ಕೂಡಲೇ ಉತ್ತರ ಕೊಡಲಿಲ್ಲ. ಈ ಪ್ರಶ್ನೆಯೇ ಇಡೀ ವಿಚಾರದ ತಿರುಳು.

ಆದರೆ ಹುಡುಗನ ಆ ಎಚ್ಚರವನ್ನು ಕಂಡು ಯಾರೂ ಅದನ್ನು ಅಪ್ರಮತ್ತ ಗುಣಸ್ಥಾನವೆಂದು ಭ್ರಮಿಸಬಾರದು. ಇಲಿಯ ಬಿಲದ ಮುಂದೆ ಕುಳಿತ ಬೆಕ್ಕಿಗೂ ಏಕಾಗ್ರತೆ ಇರುತ್ತದೆ. ಏಕಾಗ್ರತೆ ಯಾವುದರ ಮೇಲೆ ಎಂಬುದರಿಂದ ಧ್ಯಾನದ ಹೆಸರು ಬದಲಾಗುತ್ತದೆ. ಹಾಗೆಂದು ಹುಡುಗನ ಉತ್ತರ ಸುಳ್ಳೆಂದೂ ಹೇಳಲಾಗದು. ಎದುರಾಳಿಯು ತೀರ ದುರ್ಬಲನಾಗಿದ್ದರೆ ಅವನನ್ನು ಕೊಲ್ಲುವುದರಲ್ಲಿ ಹುಡುಗರಿಗೆ ಬೇಸರ ಬರುತ್ತದೆ. ಕೊಲ್ಲುವುದೇ ಹಿತವಾಗಿದ್ದರೆ ಸುಲಭವಾದ ಕೊಲೆ ಹೆಚ್ಚು ಹಿತವಾಗಬೇಕಿತ್ತು.

ಮೈಸೂರಿನ ಗರಡಿಗಳವರಿಗೆ ಇದು ಹೊಸ ವಿಷಯವಲ್ಲ. ದಸರಾ ಕುಸ್ತಿಗೆ ಮೊದಲು 'ಜೋಡಿ ಕಟ್ಟುವ' ಕಾರ್ಯ ನಡೆಯುತ್ತದೆ. ತೂಕ, ವಯಸ್ಸು, ಅನುಭವಗಳನ್ನು ನೋಡಿ ಸಮಬಲದ ಪೈಲ್ವಾನರನ್ನು ಎದುರುಬದುರು ಮಾಡುತ್ತಾರೆ. ಜೋಡಿ ಸರಿಯಾಗದಿದ್ದರೆ ದೊಡ್ಡಕೆರೆ ಮೈದಾನದಲ್ಲಿ ಕುಳಿತ ಜನ ಗೆದ್ದವನಿಗೂ ಚಪ್ಪಾಳೆ ತಟ್ಟರು. ಹಾಗೆಯೇ ಕಾಳಗ ಎಲ್ಲಿ ನಿಲ್ಲಬೇಕೆಂಬ ನಿಯಮವೂ ಮೊದಲೇ ಗೊತ್ತಾಗಿರಬೇಕು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಗುಲಿದರೆ ಮುಗಿಯಿತು. ವಿಜಯದಶಮಿಯ ದಿನ ಅರಮನೆಯಲ್ಲಿ ಜೆಟ್ಟಿಗಳ ನಡುವೆ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಬಿಡಿಸುತ್ತಾರೆ. ಅಲ್ಲಿ ಹರಿಯುವುದು ನಿಜವಾದ ರಕ್ತವಾದುದರಿಂದ ಶ್ರಾವಕನಿಗೆ ಅದು ನೋಡತಕ್ಕ ನೋಟವಲ್ಲ. ಆದರೂ ನಿಲ್ಲಿಸುವ ಗೆರೆಯೊಂದು ಅಲ್ಲಿಯೂ ಇದೆಯೆಂಬುದನ್ನು ಒಪ್ಪಬೇಕು.

ಭರತ ಬಾಹುಬಲಿಯರ ಮಂತ್ರಿಗಳು ಹಾಕಿದ ಗೆರೆ ಇವೆಲ್ಲಕ್ಕಿಂತ ಹಿರಿದು. ಎರಡು ಸೇನೆಗಳ ನಿರಪರಾಧಿ ಯೋಧರನ್ನು ಉಳಿಸಲು ಅವರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಜಿನಸೇನಾಚಾರ್ಯರೂ, 941ರಲ್ಲಿ 'ಆದಿಪುರಾಣ' ರಚಿಸಿದ ಪಂಪನೂ ಈ ಪ್ರಸಂಗವನ್ನು ವಿಸ್ತರಿಸಿದ್ದಾರೆ. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525 ಎಂಬ ಲೆಕ್ಕವನ್ನು ಶಾಸ್ತ್ರ ತಿಳಿದವರು ಬಲ್ಲರು. ಕಣ್ಣು ಮೇಲಕ್ಕೆತ್ತಿ ನೋಡಬೇಕಾದವನ ರೆಪ್ಪೆ ಮೊದಲು ಸೋಲುತ್ತದೆ, ಅವನು ಎರಚಿದ ನೀರು ಎದುರಾಳಿಯ ಎದೆಯನ್ನು ದಾಟುವುದಿಲ್ಲ. ಆಟವನ್ನು ಕಟ್ಟುವವರು ಈ ಪ್ರಸಂಗವನ್ನು ಪಾಠವಾಗಿ ಓದಬಹುದು: ಮೂರು ಕಾಳಗ, ಮೂರಕ್ಕೂ ಬೇರೆ ಬೇರೆ ಕೌಶಲ, ಒಂದರಲ್ಲೂ ಆಯುಧವಿಲ್ಲ, ನೋಡುವವರಿಗೆ ಕೊನೆಯ ಕ್ಷಣದವರೆಗೆ ಕುತೂಹಲ. ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎತ್ತಿದನು, ಅಪ್ಪಳಿಸಲಿಲ್ಲ. ಕಾಳಗದ ಕೌಶಲವೆಲ್ಲ ಆ ಎತ್ತುವಿಕೆಯಲ್ಲಿ ಮುಗಿದಿತ್ತು. ಅಪ್ಪಳಿಸಿದ್ದರೆ ಅದಕ್ಕೆ ಕೂಡುತ್ತಿದ್ದುದು ಏನೂ ಇರಲಿಲ್ಲ.

ಇಂದಿನ ಆಟಗಳ ಕೊರತೆ ಇರುವುದು ಇಲ್ಲಿಯೇ. 2019ರ 'ಸೆಕಿರೊ' ಎಂಬ ಆಟದಲ್ಲಿ ಗೆಲ್ಲುವ ಮುಖ್ಯ ದಾರಿ ಎದುರಾಳಿಯ ನಿಲುವನ್ನು ಮುರಿಯುವುದು. ಕತ್ತಿಗೆ ಕತ್ತಿ ತಕ್ಕ ಗಳಿಗೆಯಲ್ಲಿ ತಗುಲಿ ಖಣಿಲೆಂದಾಗ ಬರುವ ಹಿತಕ್ಕೆ ಸಾಟಿಯಿಲ್ಲವೆಂದು ಆಡುವವರು ಹೇಳುತ್ತಾರೆ. ಅಷ್ಟೆಲ್ಲ ಸೊಗಸಾಗಿ ಕಟ್ಟಿ, ನಿಲುವು ಮುರಿದ ಮೇಲೆ ಆಟವು ಒಂದು ಕ್ರೂರವಾದ ಕೊನೆಯ ಇರಿತವನ್ನು ಬೇಡುತ್ತದೆ. ಅಂದರೆ ಬಾಹುಬಲಿ ಎತ್ತಿದವರೆಗಿನ ವಿದ್ಯೆ ಇವರಿಗೆ ಬಂದಿದೆ, ಇಳಿಸುವುದು ಬಂದಿಲ್ಲ.

ಇನ್ನು ವರ್ತಕರ ಕಣ್ಣಿಗೆ ಬೇಗ ಬೀಳುವ ಬೇರೊಂದು ಹಿತವಿದೆ. ಡಯಾಬ್ಲೊ ವಂಶದ ಆಟಗಳಲ್ಲಿ ಬಿದ್ದ ಶತ್ರುವಿನಿಂದ ನಾಣ್ಯ, ಕವಚ, ಉಂಗುರಗಳು ಚೆಲ್ಲುತ್ತವೆ. ಯಾವುದು ಬೀಳುವುದೆಂದು ಮೊದಲೇ ತಿಳಿಯುವುದಿಲ್ಲ. ಅಪರೂಪದ್ದು ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಹಲವು ಆಟಗಳಲ್ಲಿ ಕೊಟ್ಟ ಪ್ರತಿ ಏಟಿಗೂ ಶತ್ರುವಿನ ತಲೆಯ ಮೇಲೆ ಅಂಕಿಗಳು ಚಿಮ್ಮುತ್ತವೆ, ಕಿರ್ದಿ ಪುಸ್ತಕದ ಜಮೆಯ ಕಲಮಿನಂತೆ. ಇಂದು 40, ನಾಳೆ 400, ಮುಂದೆ 4,000. ಕೈಯ ಕೌಶಲ ಬೆಳೆದಿರಬೇಕೆಂದಿಲ್ಲ, ಲೆಕ್ಕ ಬೆಳೆದರೆ ಸಾಕು. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಹಿಂಸಾನಂದದ ಮೇಲೆ ಎಲ್ಲರ ದೃಷ್ಟಿ ಹೋಗುತ್ತದೆ; ನಾಲ್ಕನೆಯದಾದ ಪರಿಗ್ರಹಾನಂದವು ಇಲ್ಲಿ ಹೆಚ್ಚು ಬಲವಾಗಿದೆ. ನಡುರಾತ್ರಿಯವರೆಗೆ ಹುಡುಗರನ್ನು ಎಚ್ಚರವಾಗಿಡುವುದು ಬಹುಮಟ್ಟಿಗೆ ಇದೇ. ಡಾರ್ಕ್ ಸೋಲ್ಸ್‌ನ ದೈತ್ಯನನ್ನು ಗೆದ್ದವನು ದಣಿದು ಕೈಯಿಳಿಸುತ್ತಾನೆ. ಉಂಗುರಕ್ಕಾಗಿ ಆಡುವವನಿಗೆ ದಣಿವೂ ಇಲ್ಲ, ಸಾಕೆಂಬುದೂ ಇಲ್ಲ. ಮನೆಯ ಹಿರಿಯರು ರಕ್ತವನ್ನು ಕಂಡು ಬೆಚ್ಚುತ್ತಾರೆ, ಉಂಗುರವನ್ನು ಕಂಡು ಬೆಚ್ಚುವುದಿಲ್ಲ. ಅದು ಅವರಿಗೂ ಪರಿಚಿತವಾದ ಸುಖವಾದುದರಿಂದ ಇರಬಹುದು.

ಈಗ ಜನ್ನನ ಎರಡನೆಯ ಕೋಳಿಯ ಮಾತು. ಹಲವು ಜನ್ಮಗಳನ್ನು ಕಳೆದು ತಾಯಿ ಮಗ ಕೋಳಿಗಳಾಗಿ ಹುಟ್ಟಿ, ಧರ್ಮಶ್ರವಣದಿಂದ ಪೂರ್ವಜನ್ಮವನ್ನು ನೆನೆದು ಸಂತೋಷದಿಂದ ಕೂಗುತ್ತಾರೆ. ಆ ಸಮಯದಲ್ಲಿ ಯಶೋಧರನ ಮಗನೇ ಆದ ಯಶೋಮತಿ ರಾಜನು, ರಾಣಿಯ ಮುಂದೆ ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಸಲು, ಸದ್ದು ಬಂದ ಕಡೆಗೆ ಬಾಣ ಬಿಟ್ಟು ಎರಡನ್ನೂ ಕೊಲ್ಲುತ್ತಾನೆ. ಅವನಿಗೆ ಕೋಳಿಗಳ ಮೇಲೆ ದ್ವೇಷವಿರಲಿಲ್ಲ. ಬೇಕಾಗಿದ್ದುದು ಗುರಿಯ ಹಿತ ಮಾತ್ರ. ಮಿರ್ಲೆಯ ಹುಡುಗ ಹೇಳಿದ ಅದೇ ಹಿತ.

ಹೀಗೆ ಒಂದೇ ಕಾವ್ಯದಲ್ಲಿ ಎರಡು ಕೋಳಿಗಳಿವೆ. ಮೊದಲನೆಯದರಲ್ಲಿ ಜೀವವಿಲ್ಲ, ಕೊಲ್ಲುವ ಸಂಕಲ್ಪವಿದೆ. ಎರಡನೆಯದರಲ್ಲಿ ಕೌಶಲದ ಸುಖವೊಂದೇ ಇದೆ, ಆದರೆ ಎದುರಿಗೆ ಜೀವವಿದೆ. ಪರದೆಯ ಕಾಳಗ ಇವೆರಡರ ನಡುವೆ ಬರುತ್ತದೆ: ಕೌಶಲವಿದೆ, ಜೀವವಿಲ್ಲ; ಸಂಕಲ್ಪವೊಂದೇ ಪರೀಕ್ಷೆಗೆ ಉಳಿಯುತ್ತದೆ. ಆ ಸಂಕಲ್ಪವು ಹೊರಗಿನವರಿಗೆ ಕಾಣುವುದಿಲ್ಲವೆಂದಲ್ಲ, ಪಕ್ಕದಲ್ಲಿ ಕುಳಿತರೆ ಕಾಣುತ್ತದೆ. ಬಿದ್ದ ಎದುರಾಳಿಯ ಮೇಲೆ ಮತ್ತೂ ಹೊಡೆಯುವವನಿದ್ದಾನೆ. ಊರಿನ ನಡುವೆ ನಿಂತ, ಕತ್ತಿಯೆತ್ತದ ಪಾತ್ರಗಳನ್ನು ಏನಾಗುವುದೋ ನೋಡೋಣವೆಂದು ಕಡಿಯುವವನಿದ್ದಾನೆ. ಅಲ್ಲಿ ಹಿಟ್ಟಿನ ಕೋಳಿ ಕೂಗಿದಂತೆಯೇ. 'ಅವರೇ ಮೇಲೆ ಬೀಳುತ್ತಾರೆ, ಇದು ವಿರೋಧಿ ಹಿಂಸೆ' ಎಂದು ಶ್ರಾವಕಾಚಾರವನ್ನು ಅರ್ಧ ಓದಿದ ಜಾಣ ಹುಡುಗರು ವಾದಿಸುವುದುಂಟು. ಚಾವುಂಡರಾಯನ ಮೇಲೆ ಶತ್ರು ಬಂದದ್ದು ಆತ ಕರೆದುದರಿಂದಲ್ಲ. ಇಲ್ಲಿಯಾದರೆ ಗುಂಡಿ ಒತ್ತಿ, ಹಣ ಕೊಟ್ಟು, ಶತ್ರುವನ್ನು ಮನೆಗೆ ಕರೆಸಿಕೊಳ್ಳುವುದಾಗುತ್ತದೆ. ಸಮಂತಭದ್ರರು ಹೇಳಿದ ಅನರ್ಥದಂಡದ ವಿಭಾಗದಲ್ಲಿ, ಪ್ರಮಾದಚರ್ಯೆಯ ಕೆಳಗೆ, ಇದಕ್ಕೆ ಜಾಗ ಹುಡುಕುವುದು ಹೆಚ್ಚು ಪ್ರಾಮಾಣಿಕವಾದೀತು. ದಶಲಕ್ಷಣದ ಹತ್ತು ದಿನ ಯಂತ್ರಕ್ಕೆ ಬಟ್ಟೆ ಹೊದಿಸಿಡುವ ಮನೆಗಳು ಆ ಲೆಕ್ಕವನ್ನೇ ಹಿಡಿದಿವೆ.

ವರ್ತಕರ ಪ್ರಶ್ನೆಗೆ ಉತ್ತರ ಕೊಡುವ ಆಟವೊಂದು ಇದೆ. ಅಮೆರಿಕದ ಟೋಬಿ ಫಾಕ್ಸ್ ಎಂಬ ತರುಣರು 2015ರಲ್ಲಿ ಹೊರತಂದ 'ಅಂಡರ್‌ಟೇಲ್'ನಲ್ಲಿ ಎದುರಾದ ಯಾರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಎದುರಾಳಿಯ ಏಟುಗಳು ಮಳೆಯಂತೆ ಸುರಿಯುವಾಗ ಆಡುವವನು ಸಣ್ಣ ಚೌಕದೊಳಗೆ ಒಂದು ಹೃದಯದ ಚಿಹ್ನೆಯನ್ನು ಅತ್ತಿತ್ತ ಸರಿಸಿ ಉಳಿಸಿಕೊಳ್ಳಬೇಕು. ತನ್ನ ಸರದಿಯಲ್ಲಿ ಮಾತನಾಡಿಸಿ, ಸಮಾಧಾನಪಡಿಸಿ, ಕ್ಷಮಿಸಿ ಕಳುಹಿಸಬೇಕು. ಬೇರೆ ಆಟಗಳಲ್ಲಿ ಅನುಭವವೆಂದೂ ಮಟ್ಟವೆಂದೂ ಹೆಸರಾದ ಎರಡು ಅಂಕಿಗಳು ಇಲ್ಲಿಯೂ ಇವೆ. ಅವು ಕೊಲೆಯ ಎಣಿಕೆ ಮತ್ತು ಹಿಂಸೆಯ ಮಟ್ಟವೆಂಬುದನ್ನು ಆಟವು ಕೊನೆಗೆ ಬಿಚ್ಚಿ ಹೇಳುತ್ತದೆ. ಕೊಂದವನ ಬಲ ಏರುತ್ತ ಹೋಗುತ್ತದೆ. ಕೊಲ್ಲದವನು ಮೊದಲನೆಯ ಮಟ್ಟದಲ್ಲೇ, 20 ಅಂಕದ ಪ್ರಾಣದಲ್ಲೇ ಕೊನೆಯವರೆಗೂ ಇರಬೇಕು. ಆದುದರಿಂದ ಕೊನೆಯ ಕಾಳಗಗಳು ಅವನಿಗೆ ಬಹಳ ಕಠಿಣವಾಗುತ್ತವೆ.

ಮಿರ್ಲೆಯ ಹುಡುಗನು ಮುಂದಿನ ರಜೆಯಲ್ಲಿ ಅದನ್ನು ತಂದಿದ್ದನು. ಎರಡು ದಿನ ಒಂದೇ ಕಡೆ ಸೋತು ಕುಳಿತವನನ್ನು ತಾತ ವಿಚಾರಿಸಿದಾಗ, "ಹೊಡೆದರೆ ಐದು ನಿಮಿಷದ ಕೆಲಸ ತಾತ. ಹೊಡೆಯದೆ ದಾಟೋದೇ ಕಷ್ಟ" ಎಂದನು. ಹೊಡೆಯಲಿಲ್ಲ. ಮೂರನೆಯ ದಿನ ದಾಟಿದಾಗ ಬೆರಳುಗಳು ಹಿಂದಿನಂತೆಯೇ ನಡುಗುತ್ತಿದ್ದವು.